ಸೋಲ್ಡರ್ ಬಿಟ್ಟಿತ್ತು, ಅಣ್ಣಾ

ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುವವರನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ನಾನು ಹುಟ್ಟಿ ಬೆಳೆದ ಮನೆ ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಈಗಲೂ ನಿಂತಿದೆ. ಕೆಳಗೆ ಯಾರೋ ಮೊಬೈಲ್ ಅಂಗಡಿ ಇಟ್ಟಿದ್ದಾರೆ, ಮೇಲೆ ಪ್ರವಾಸಿಗರಿಗೆ ರೂಮು ಕೊಡುತ್ತಾರೆ. ನನ್ನ ರಿಪೇರಿ ಅಂಗಡಿ ಅಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಹೋಂಸ್ಟೇಯವರು ಸದ್ದು ನಿಂತ ಸ್ಪೀಕರನ್ನೋ ಗೊರಗೊರ ಎನ್ನುವ ಆಂಪ್ಲಿಫೈಯರನ್ನೋ ಹಿಡಿದುಕೊಂಡು ಬರುತ್ತಾರೆ. ಬಿಚ್ಚಿ ನೋಡಿ ಸರಿಮಾಡಿ ಕೊಡುತ್ತೇನೆ. ಅವರಲ್ಲಿ ಕೆಲವರು ಹಳಬರು. ಹೊರಡುವಾಗ ಬಾಗಿಲಲ್ಲಿ ನಿಂತು, ‘ನಿಮ್ಮ ದೊಡ್ಡಪ್ಪನವ್ರ ಹೆಸ್ರು ಉಳಿಸಿದ್ರಿ ನೋಡಿ’ ಎಂದು ಹೊಗಳುತ್ತಾರೆ. ಅಂಥವರ ಕೆಲಸವನ್ನು ನಾನು ಮುಂದಿನ ಸಲ ಬೇಕೆಂದೇ ತಡಮಾಡುತ್ತೇನೆ.

ದೊಡ್ಡಪ್ಪನನ್ನು ಊರೆಲ್ಲ ಬಹುವಚನದಲ್ಲಿ ಕರೆಯುತ್ತಿತ್ತು. ಸಿದ್ದಲಿಂಗಪ್ಪನವರು, ಗುರುತು ಹತ್ತಬೇಕಾದರೆ ಮೈಕ್ ಸಿದ್ದಲಿಂಗಪ್ಪನವರು. ಎದುರಿಗೆ ನಾನೂ ಹಾಗೆಯೇ ಕರೆದೆ, ಬೇರೆ ದಾರಿಯಿರಲಿಲ್ಲ. ಬರೆಯುವಾಗಲಾದರೂ ಅವನಿಗೆ ಏಕವಚನ ಇಡುತ್ತೇನೆ. ಅಪ್ಪನಿಗೂ ಏಕವಚನವೇ, ಅದರ ಕಾರಣ ಬೇರೆ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುವೆಗೆ, ಜಯಂತಿಗೆ, ಎಸ್ಟೇಟಿನ ಕೂಲಿ ಲೈನುಗಳ ಹಬ್ಬಕ್ಕೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ವ್ಯಾಪಾರ. ತೊಲೆಯಿಂದ ಹಾರನ್ನುಗಳು ಬಾಯಿ ಕೆಳಗೆ ಮಾಡಿಕೊಂಡು ನೇತಾಡುತ್ತಿದ್ದವು. ಗೋಡೆಯ ಮೊಳೆಗಳಿಗೆ ವೈರಿನ ಸುರುಳಿಗಳು, ಮೂಲೆಯಲ್ಲಿ ಮರದ ಸ್ಪೀಕರ್ ಪೆಟ್ಟಿಗೆಗಳು, ಕಿಟಕಿಯ ಕೆಳಗೆ ಅಪ್ಪನ ಮೇಜು. ಆ ಮೇಜಿನಿಂದ ಏಳುವ, ತಂತಿ ಬೆಸೆಯುವ ಸೋಲ್ಡರಿನ ಹೊಗೆಯ ವಾಸನೆ ನಡುಮನೆಯವರೆಗೂ ಬರುತ್ತಿತ್ತು. ನಡುಮನೆಯಲ್ಲಿ ದೊಡ್ಡಪ್ಪನ ಮಂಚ. ಅದನ್ನು ದಾಟಿದರೆ ಅಡುಗೆಮನೆ, ದೊಡ್ಡಮ್ಮನ ರಾಜ್ಯ. ಉಗ್ರಾಣದ ಬೀಗದ ಕೈ ಅವಳ ಸೊಂಟ ಬಿಟ್ಟು ಇಳಿದದ್ದನ್ನು ನಾನು ಕಂಡಿಲ್ಲ. ಅಡುಗೆಮನೆಯ ಹಿಂದೆ, ಸೌದೆ ಒಟ್ಟಲೆಂದು ಕಟ್ಟಿಸಿದ್ದ ಕೋಣೆಯಲ್ಲಿ ನಾವು ಮೂವರು ಮಲಗುತ್ತಿದ್ದೆವು: ಅಪ್ಪ, ಅಮ್ಮ, ನಾನು. ಅಂಗಡಿಯಲ್ಲಿ ಹಿಡಿಸದ ಹಾಳು ಪೆಟ್ಟಿಗೆಗಳನ್ನೂ ಅಲ್ಲಿಯೇ ಪೇರಿಸಿದ್ದರಿಂದ ಅಮ್ಮನ ಹೊಲಿಗೆ ಮೆಷಿನ್ನಿಗೆ ಜಾಗವಿರದೆ, ಅದು ಅಂಗಡಿಯ ಒಂದು ಮೂಲೆಗೆ ಹೋಗಿತ್ತು.

ಊರಿನ ನಾಲ್ಕು ದಿಕ್ಕಿಗೂ ಕಾಫಿ ತೋಟ. ಆದರೂ ನಾನು ಮೂರನೇ ನೀರಿನ ಕಾಫಿ ಕುಡಿದು ಬೆಳೆದವಳು. ಮೊದಲನೇ ಡಿಕಾಕ್ಷನ್ ದೊಡ್ಡಪ್ಪನಿಗೆ ಮತ್ತು ಅವನನ್ನು ಕಾಣಲು ಬಂದವರಿಗೆ. ಅದೇ ಪುಡಿಗೆ ಮತ್ತೆ ನೀರು ಹೊಯ್ದು ಬಸಿದದ್ದು ದೊಡ್ಡಮ್ಮನಿಗೂ ಅಪ್ಪನಿಗೂ. ಆಮೇಲೆ ಅಮ್ಮನ ಸರದಿ, ನನ್ನ ಸರದಿ. ಆ ಹೊತ್ತಿಗೆ ಲೋಟದ ತಳದ ಗೀರುಗಳೆಲ್ಲ ಕಾಣುವಷ್ಟು ತಿಳಿಯಾಗಿರುತ್ತಿತ್ತು. ಊಟದಲ್ಲಿಯೂ ಅದೇ ಕ್ರಮ. ಕಳಲೆ ಪಲ್ಯ ಮಾಡಿದ ದಿನ ಅಮ್ಮ ಬಾಣಲೆಗೆ ಅನ್ನ ಹಾಕಿ ಒರೆಸಿ ತಿನ್ನುತ್ತಿದ್ದಳು. ಒಮ್ಮೆ ನಾನು, ‘ಅಮ್ಮಂಗೆ ಪಲ್ಯ ಇಲ್ವಾ?’ ಎಂದು ಕೇಳಿದ್ದಕ್ಕೆ ದೊಡ್ಡಮ್ಮ ನನ್ನ ತಟ್ಟೆಯಿಂದ ಪಲ್ಯವನ್ನು ಎತ್ತಿ ಅಮ್ಮನ ತಟ್ಟೆಗೆ ಹಾಕಿ, ‘ಈಗ ಉಂಟು’ ಎಂದಳು. ಅಮ್ಮ ಅದನ್ನು ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಕಡೆಗೆ ಅದು ನಾಯಿಯ ಪಾಲಾಯಿತು.

ಬೆಳಿಗ್ಗೆ ದೊಡ್ಡಪ್ಪ ಹಣೆಗೆ ಅಡ್ಡಗಲ ವಿಭೂತಿ ಬಳಿದು ಲಿಂಗಪೂಜೆಗೆ ಕೂರುತ್ತಿದ್ದ. ಪೂಜೆ ಮುಗಿಸಿ ಅಂಗಡಿಗೆ ಬಂದರೆ ಎರಡನೆಯ ಪೂಜೆ: ಆ ದಿನ ಹೊರಗೆ ಹೋಗುವ ಸೆಟ್ಟಿನ ಪರೀಕ್ಷೆ. ಅಪ್ಪ ವೈರು ಜೋಡಿಸಿ ಒಂದು ಹಾರನ್ನನ್ನು ಜಗಲಿಯಲ್ಲಿ ರಸ್ತೆಯ ಕಡೆಗೆ ಇಡಬೇಕು, ದೊಡ್ಡಪ್ಪ ಮೈಕ್ ಹಿಡಿಯಬೇಕು. ಬೇರೆಯವರಾಗಿದ್ದರೆ ಒನ್ ಟೂ ತ್ರೀ ಎಂದು ಮುಗಿಸುತ್ತಿದ್ದರು. ಅವನು ಮನೆಯ ಮಾತಾಡುತ್ತಿದ್ದ.

“ಹಲೋ, ಹಲೋ. ಗಿರಿಜಾ, ನಿನ್ನೆ ಸಾರಿಗೆ ಉಪ್ಪು ಸುರಿದಿದ್ದು ನಿಮ್ಮಪ್ಪನ ಮನೆಯಿಂದ ಮೂಟೆ ಬಂದಿದೆ ಅಂತಲಾ? ಹಲೋ. ಚೆಕ್.”

ಗಿರಿಜಾ ಎಂದರೆ ನನ್ನಮ್ಮ. ಆಗ ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರೂ ಆ ಮಾತು ಅವಳಿಗೆ ಕೇಳುತ್ತಿತ್ತು, ಬಸ್ಸಿಗೆ ಕಾಯುವವರಿಗೂ ಕೇಳುತ್ತಿತ್ತು. ಎದುರಿನ ಜವಳಿ ಅಂಗಡಿಯವರು ನಗುತ್ತ ಕೈಯೆತ್ತಿ, ‘ಸೌಂಡ್ ಕ್ಲಿಯರ್ ಉಂಟು ಸಿದ್ದಲಿಂಗಪ್ನೋರೇ’ ಎಂದು ಕೂಗುತ್ತಿದ್ದರು. ನಾನು ಗಣಿತದಲ್ಲಿ ಫೇಲಾದ ಸುದ್ದಿ, ಅಮ್ಮನ ತವರಿನವರು ಹಬ್ಬಕ್ಕೆ ತಂದ ಸೀರೆಯ ದರ್ಜೆ, ಅವಳು ಎರಡನೆಯದನ್ನು ಹೆರದಿದ್ದುದು, ಎಲ್ಲವೂ ಆ ಹಾರನ್ನಿನಿಂದ ಊರಿಗೆ ಹೋಗಿದೆ. ಅಪ್ಪ ಆಗ ಏನು ಮಾಡುತ್ತಿದ್ದ? ಆಂಪ್ಲಿಫೈಯರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಮ್ಮನ ಹೆಸರು ಒಡಕು ದನಿಯಲ್ಲಿ ಕೇಳದ ಹಾಗೆ ಟ್ರೆಬಲ್ ಕಡಿಮೆ ಮಾಡುತ್ತಿದ್ದ.

ಕೆಲಸದಲ್ಲಿ ಅಪ್ಪನಿಗೆ ಸಾಟಿಯಿರಲಿಲ್ಲ. ಜನ ಅತ್ತಿಗುಂಡಿಯಿಂದ, ಕಳಸದಿಂದ ಕೆಟ್ಟ ರೇಡಿಯೋ, ಟೇಪ್‌ರೆಕಾರ್ಡರು ಹೊತ್ತು ಬರುತ್ತಿದ್ದರು. ಹೆಸರು ಮಾತ್ರ ದೊಡ್ಡಪ್ಪನದು. ಅವನು ಕುರ್ಚಿಯಲ್ಲಿ ಕೂತು ಅವರೊಂದಿಗೆ ಮಾತಾಡುತ್ತಿದ್ದ, ಅಪ್ಪ ತಲೆ ಬಗ್ಗಿಸಿ ರಿಪೇರಿ ಮಾಡುತ್ತಿದ್ದ. ಶಾಲೆ ಮುಗಿಸಿ ಬಂದವಳು ನಾನು ಆ ಮೇಜಿನ ಪಕ್ಕ ನಿಲ್ಲುತ್ತಿದ್ದೆ. ಮನೆಯಲ್ಲಿ ಬಾಯಿ ಬಿಡದ ಮನುಷ್ಯ ಅಲ್ಲಿ ನನ್ನೊಡನೆ ಧಾರಾಳವಾಗಿ ಮಾತಾಡುತ್ತಿದ್ದ.

“ಮೊದ್ಲು ಕೇಳು, ಕೈ ಹಾಕ್ಬೇಡ. ಗುಂಯ್ ಅಂತ ಒಂದೇ ಸಮ ಬಂದ್ರೆ ಅರ್ತಿಂಗ್ ಬಿಟ್ಟಿದೆ ಅಂತ. ವಾಲ್ಯೂಮ್ ತಿರುಗ್ಸಿದಾಗ ಚರಚರ ಅಂದ್ರೆ ಗುಂಡಿ ಒಳಗೆ ಧೂಳು. ಕುಂಯ್ ಅಂತ ಕೂಗಿಕೊಂಡ್ರೆ ಮೈಕು ಹಾರನ್ನಿನ ಮುಖ ನೋಡ್ತಿದೆ, ಪಕ್ಕಕ್ಕೆ ತಿರುಗ್ಸು.”

“ಎಂತ ಸದ್ದೂ ಬರ್ಲಿಲ್ಲ ಅಂದ್ರೆ?”

“ಒಂದೊಂದೇ ಬದ್ಲಾಯ್ಸು. ಮೈಕ್ ಬದ್ಲಾಯ್ಸು, ನೋಡು. ವೈರ್ ಬದ್ಲಾಯ್ಸು, ನೋಡು. ಒಂದೇ ಸಲಕ್ಕೆ ಎರಡು ಬದ್ಲಾಯ್ಸಿದ್ರೆ ತಪ್ಪು ಯಾವುದ್ರದ್ದು ಅಂತ ಗೊತ್ತೇ ಆಗಲ್ಲ.”

ಮಳೆಗಾಲದಲ್ಲಿ ಸ್ಪೀಕರಿನ ಕಾಗದ ತೇವ ಕುಡಿದು ಸೊಟ್ಟಗಾಗುತ್ತಿತ್ತು. ಅಪ್ಪ ಎರಡೂ ಕೈಗಳ ಬೆರಳನ್ನು ಅದರ ಮೇಲಿಟ್ಟು ಮೆಲ್ಲನೆ ಒತ್ತಿ, ಕಿವಿಯನ್ನು ಹತ್ತಿರ ತಂದು, ಒಳಗೆ ಕಾಯಿಲ್ ಉಜ್ಜುತ್ತಿದೆಯೇ ಎಂದು ಕೇಳುತ್ತಿದ್ದ. ಟಾರ್ಚಿನ ಸೆಲ್ಲಿಗೆ ಎರಡು ತುಂಡು ವೈರು ಹಚ್ಚಿ ಸ್ಪೀಕರಿನಲ್ಲಿ ವೈರು ಕೂರಿಸುವ ಕಾಲಿಗೆ ಮುಟ್ಟಿಸಿದರೆ ಟಕ್ ಎನ್ನಬೇಕು. ಎಂದರೆ ಜೀವವಿದೆ, ಇಲ್ಲದಿದ್ದರೆ ಕಾಯಿಲ್ ಸುಟ್ಟಿದೆ. ಆ ಟಕ್ ಸದ್ದು ಕೇಳಿದಾಗ ಅವನ ಮುಖ ಅರಳುತ್ತಿದ್ದುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಂಥದೇ ಒಂದು ಮಧ್ಯಾಹ್ನ ಅವನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

“ಸ್ಪೀಕರ್ ವೈರ್ ಶಾರ್ಟ್ ಆಗೋಕೆ ಬಿಡ್ಬಾರ್ದು, ಆಂಪ್ಲಿಫೈಯರೇ ಸುಟ್ಟು ಹೋಗ್ತದೆ. ಮೈಕ್ ವೈರ್ ಶಾರ್ಟ್ ಆದ್ರೆ ಎಂತದೂ ಸುಡಲ್ಲ. ಬಾಯಿ ಮುಚ್ಕೊಳ್ತದೆ, ಅಷ್ಟೆ.”

ಅಮ್ಮ ತನ್ನ ಮೂಲೆಯಲ್ಲಿ ಕೂತು ಯಾರದೋ ಬ್ಲೌಸಿನ ಅಂಚು ಮಡಿಸುತ್ತಿದ್ದಳು. ತುಟಿಗಳ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡಿದ್ದಳು. ಅವಳು ಕೇಳಿಸಿಕೊಂಡಳೆಂದು ಆಗ ನನಗೆ ಹೊಳೆದಿರಲಿಲ್ಲ.

ಆ ವರ್ಷದ ಕೊಯ್ಲಿನ ಹೊತ್ತಿಗೆ ಕಳಸದ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಅಂಗಡಿಗೆ ಬಂದರು. ದೊಡ್ಡಪ್ಪ ಊರಲ್ಲಿರಲಿಲ್ಲ. ಅವರು ಅಪ್ಪನ ಮೇಜಿನ ಹತ್ತಿರವೇ ಬಂದು ನಿಂತರು.

“ನಮ್ಮ ಸಾಹುಕಾರ್ರು ಕಾಫಿ ಹಣ್ಣು ಸುಲಿಯೋ ಪಲ್ಪರ್ ಮನೆ ನೋಡ್ಕೊಳ್ಳೋಕೆ ಎಲೆಕ್ಟ್ರಿಷಿಯನ್ ಹುಡುಕ್ತಿದಾರೆ. ನಾನು ನಿಮ್ಮ ಹೆಸ್ರೇ ಹೇಳಿದೀನಿ. ಕ್ವಾರ್ಟ್ರಸ್ ಕೊಡ್ತಾರೆ ಮಾರಾಯ್ರೇ, ಹಿಂದೆ ಬಚ್ಚಲು ಎಲ್ಲ ಉಂಟು. ಒಂದು ಮಾತು ಹೂಂ ಅನ್ನಿ.”

ಅಮ್ಮನ ಮೆಷಿನ್ನು ನಿಂತಿತು. ಅಪ್ಪ ಕೈಯೊರೆಸಿಕೊಳ್ಳುತ್ತ, ‘ಅಣ್ಣನ್ನ ಕೇಳ್ಬೇಕು’ ಎಂದ. ರೈಟರ್ ಅಮ್ಮನ ಮುಖ ನೋಡಿ ಜೀಪು ಹತ್ತಿದರು. ಅಪ್ಪ ಕೇಳಿಯೂ ಕೇಳಿದ. ಉತ್ತರ ಬಂದದ್ದು ಮರುದಿನ ಬೆಳಿಗ್ಗೆ, ಹಾರನ್ನಿನಲ್ಲಿ.

“ಹಲೋ. ನನ್ನ ತಮ್ಮ ಎಸ್ಟೇಟ್ ಸೇರ್ತಾನಂತೆ. ಇವನ ಹೆಂಡ್ತಿ ಬುಟ್ಟಿ ಕಟ್ಕೊಂಡು ಕಾಫಿ ಹಣ್ಣು ಕುಯ್ತಾಳಂತೆ. ಹಲೋ. ಚೆಕ್.”

ಆ ದಿನ ಸೌದೆ ಕೋಣೆಯಲ್ಲಿ ಅಮ್ಮ ಆಡಿದ ಜಗಳವನ್ನು ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಕೇಳಿದೆ. ದೊಡ್ಡಮ್ಮ ಒಳಗೆ ಬರದಿರಲಿ ಎಂದು ಹಾಗೆ ನಿಂತಿದ್ದೆ.

“ನಂಗೆ ನಿಮ್ಮ ಆಸ್ತಿ ಬೇಡ, ಈ ಪೆಟ್ಟಿಗೆ ಬೇಡ. ಬೇರೆ ಮನೆ ಮಾಡಿ, ಅಷ್ಟೇ ಸಾಕು. ಗುಡಿಸಲು ಆದ್ರೂ ಆಯ್ತು.”

“ಅಣ್ಣ ಸಾಕಿದಾರೆ ಗಿರಿಜಾ. ಅಪ್ಪ ಹೋದಾಗ ನಂಗೆ ಮೀಸೆ ಬಂದಿರ್ಲಿಲ್ಲ.”

“ಸಾಕಿದ್ರು, ಸರಿ. ಹಾಲು ಕರೆದದ್ದು ಇನ್ನೂ ಸಾಕಾಗ್ಲಿಲ್ವಾ ಅವ್ರಿಗೆ?”

ಅಪ್ಪ ಎದ್ದು ನನ್ನನ್ನು ಪಕ್ಕಕ್ಕೆ ಸರಿಸಿ ಅಂಗಡಿಗೆ ಹೋದ. ಸ್ವಲ್ಪ ಹೊತ್ತಿಗೆ ಸೋಲ್ಡರಿನ ಹೊಗೆ ಒಳಗೆ ಬಂತು. ಅಮ್ಮ ಗೋಡೆ ನೋಡುತ್ತ ಕೂತಿದ್ದಳು. ಅಳುತ್ತಿರಲಿಲ್ಲ. ನಾನು ಹತ್ತಿರ ಹೋದರೆ, ‘ಹೋಗಿ ಓದ್ಕೋ ಹೋಗು’ ಎಂದು ಗದರಿದಳು.

ಅದಾದ ಮೇಲೆ ಸೆಟ್ಟುಗಳು ಕೈಕೊಡತೊಡಗಿದವು. ಅತ್ತಿಗುಂಡಿಯ ಮದುವೆಯೊಂದರಲ್ಲಿ ಪುರೋಹಿತರು ಬಾಯಿ ಆಡಿಸುತ್ತಿದ್ದರೂ ಸದ್ದಿಲ್ಲ. ಎಸ್ಟೇಟಿನ ಹಬ್ಬದಲ್ಲಿ ನಾಟಕದ ರಾಜ ಅರ್ಧ ಮಾತು ಆಡುವಾಗ ಮೈಕ್ ಸತ್ತಿತು. ಮನೆಯಲ್ಲಿ ನೋಡಿದಾಗ ಎಲ್ಲ ಸರಿಯಿರುತ್ತಿತ್ತು. ಅಲ್ಲಿ ಹೋಗಿ, ವೈರು ಎಳೆದು, ಜನ ನೆರೆದ ಮೇಲೆ ಕೈ ಕೊಡುತ್ತಿತ್ತು. ದೊಡ್ಡಪ್ಪ ಬಂದವರೆದುರಿಗೇ ಅಪ್ಪನಿಗೆ ಬೈಯುತ್ತಿದ್ದ. ಮನೆಗೆ ಬಂದ ಮೇಲೂ ಬೈಯುತ್ತಿದ್ದ. ಮರುದಿನ ಹಾರನ್ನಿನಲ್ಲಿ ಮತ್ತೊಮ್ಮೆ. ಊಟದ ಹೊತ್ತಿಗೆ ದೊಡ್ಡಮ್ಮ ಅಪ್ಪನಿಗೂ ನಮ್ಮ ಸಾಲಿನಲ್ಲೇ ಬಡಿಸುವುದಕ್ಕೆ ಶುರುಮಾಡಿದಳು. ಪ್ರತಿ ಸಲವೂ ಅಪ್ಪನದು ಒಂದೇ ಉತ್ತರ.

“ಸೋಲ್ಡರ್ ಬಿಟ್ಟಿತ್ತು, ಅಣ್ಣಾ. ಹಚ್ಚಿದೀನಿ.”

ನನಗೆ ಮೊದಲು ಸಂಶಯ ಬಂದದ್ದು ಆ ಉತ್ತರದ ಮೇಲೆಯೇ. ಅಪ್ಪ ಹಚ್ಚಿದ ಸೋಲ್ಡರ್ ಬಿಡುವುದಿಲ್ಲ. ಅದು ಆ ಮನೆಯಲ್ಲಿ ನಾನು ನಂಬಿದ್ದ ಒಂದೇ ಸಂಗತಿ. ಹಾಗಾಗಿ ಮುಂದಿನ ಸಲ ಸೆಟ್ಟು ಕೆಟ್ಟು ವಾಪಸು ಬಂದಾಗ ನಾನು ಶಾಲೆಗೆ ಹೋಗದೆ ಹೊಟ್ಟೆನೋವೆಂದು ಹೇಳಿ ಅಂಗಡಿಯ ಬಾಗಿಲಲ್ಲಿ ಕೂತೆ. ಅಪ್ಪ ಮೈಕ್ ಬದಲಾಯಿಸಿ ನೋಡಿದ, ಸದ್ದಿಲ್ಲ. ವೈರು ಬದಲಾಯಿಸಿದ, ಸದ್ದು ಬಂತು. ಕೆಟ್ಟ ವೈರಿನ ಸುರುಳಿಯನ್ನು ಮಡಿಲಿಗೆ ಹಾಕಿಕೊಂಡು, ಒಂದು ತುದಿಯಿಂದ ಹೆಬ್ಬೆರಳಿನ ಕೆಳಗೆ ಸರಿಸುತ್ತ ಹೋದ. ಒಂದು ಕಡೆ ಹೆಬ್ಬೆರಳು ನಿಂತಿತು. ಉಗುರಿನಿಂದ ಕೆದಕಿ, ಸಣ್ಣ ಇಕ್ಕಳದಿಂದ ಹಿಡಿದೆಳೆದ. ತಲೆ ಕತ್ತರಿಸಿದ ಗುಂಡುಪಿನ್ನು. ವೈರಿನ ಒಳಗಿನ ತಂತಿಗೂ ಅದರ ಸುತ್ತಲಿನ ತಂತಿಯ ಹೆಣಿಗೆಗೂ ಅಡ್ಡಲಾಗಿ, ಹೊರಗೆ ಕಾಣದ ಹಾಗೆ ಚುಚ್ಚಿತ್ತು. ವೈರನ್ನು ಸುಮ್ಮನೆ ಇಟ್ಟರೆ ಅದು ತಂತಿಗೆ ತಾಗುವುದಿಲ್ಲ. ಎಳೆದರೆ, ಮಣಿಸಿದರೆ ತಾಗಿ ಶಾರ್ಟ್ ಆಗುತ್ತದೆ. ಅಪ್ಪನಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಎದ್ದು ಅಮ್ಮನ ಮೂಲೆಗೆ ಹೋಗಿ, ಆ ಪಿನ್ನನ್ನು ಹೊಲಿಗೆ ಮೆಷಿನ್ನಿನ ಹಲಗೆಯ ಮೇಲಿಟ್ಟು ಬಂದು, ವೈರನ್ನು ಸುತ್ತತೊಡಗಿದ. ಅಷ್ಟರಲ್ಲಿ ನಡುಮನೆಯಿಂದ ದೊಡ್ಡಪ್ಪ ಏನಾಗಿತ್ತೆಂದು ಗುಡುಗಿದ.

“ಸೋಲ್ಡರ್ ಬಿಟ್ಟಿತ್ತು, ಅಣ್ಣಾ.”

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಬಂದು ಮೆಷಿನ್ನಿಗೆ ಕೂತಳು. ಹಲಗೆಯ ಮೇಲಿದ್ದ ಪಿನ್ನನ್ನು ನೋಡಿದಳು. ಅಪ್ಪನ ಬೆನ್ನು ನೋಡಿದಳು. ಪಿನ್ನನ್ನು ಎತ್ತಿ ಡಬ್ಬಿಗೆ ಹಾಕಿ, ಮುಚ್ಚಳ ಹಾಕಿ, ಪೆಡಲು ತುಳಿಯತೊಡಗಿದಳು. ಗಂಡ ಹೆಂಡಿರಿಬ್ಬರೂ ಇದನ್ನು ಬಹಳ ದಿನದಿಂದ ನಡೆಸುತ್ತಿದ್ದಾರೆಂದು ನನಗೆ ಆಗ ತಿಳಿಯಿತು. ಅವಳು ಚುಚ್ಚುವುದು, ಅವನು ಬೈಗುಳ ತಿಂದು ಬಂದು ಕಿತ್ತು ಅವಳಿಗೆ ವಾಪಸು ಕೊಡುವುದು. ಒಂದು ಮಾತಿಲ್ಲ. ಅಪ್ಪ ಹೊರಗೆ ಹೋಗುವುದನ್ನೇ ಕಾದು ನಾನು ಅಮ್ಮನ ಮುಂದೆ ನಿಂತೆ.

“ನೀನೇನಾ?”

“ಎಂತದು?”

“ಪಿನ್ನು.”

ಅಮ್ಮ ಬಟ್ಟೆಯಿಂದ ಕಣ್ಣೆತ್ತಲಿಲ್ಲ. “ಹೂಂ” ಎಂದಳು.

“ಅಪ್ಪಂಗೆ ಬೈತಾರಲ್ಲಮ್ಮ.”

“ಬೈಲಿ. ನಾನು ತಿಂದಿದ್ದರಲ್ಲಿ ಅರ್ಧ ಆದ್ರೂ ತಿನ್ಲಿ. ತಿಂದು ತಿಂದು ಒಂದಿನ ಎದ್ದು ನಿಲ್ತಾರೆ. ಇಲ್ಲ ಅಂದ್ರೆ ಆ ಮನುಷ್ಯನೇ ನಮ್ಮನ್ನ ಹೊರಗೆ ಹಾಕ್ತಾನೆ. ಎರಡರಲ್ಲಿ ಒಂದಾಗ್ಲಿ, ನಂಗೆ ಯಾವುದಾದ್ರೂ ಸರಿ.”

“ನಿಲ್ಲದೇ ಇದ್ರೆ? ಹಾಕದೇ ಇದ್ರೆ?”

“ಪಿನ್ನು ಬೇಕಾದಷ್ಟಿದೆ.”

ನನಗೆ ಅಮ್ಮನ ಮೇಲೆ ಭಯಂಕರ ಸಿಟ್ಟು ಬಂತು. ಅವಳು ಬಾಚಲು ಬಂದರೆ ಜಡೆ ಕೊಡಲಿಲ್ಲ, ಕರೆದರೆ ಓಗೊಡಲಿಲ್ಲ. ಆದರೆ ಬೆಳಿಗ್ಗೆ ಹಾರನ್ನಿನಲ್ಲಿ ಅವಳ ಹೆಸರು ಬಂದಾಗ, ಆಂಪ್ಲಿಫೈಯರಿನ ಮುಂದೆ ಬಗ್ಗಿ ಕೂತ ಅಪ್ಪನ ಬೆನ್ನನ್ನು ನೋಡಿ, ಸಿಟ್ಟು ಆ ಕಡೆಗೆ ಹೊರಳಿತು. ಕೆಟ್ಟದ್ದನ್ನು ಹುಡುಕುವ ವಿದ್ಯೆ ಕಲಿಸಿದವನು ಅವನೇ. ಆ ಮನೆಯಲ್ಲಿ ಕೆಟ್ಟದ್ದು ಯಾವುದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ವೈರು ಸುತ್ತುತ್ತಿದ್ದ. ಬೈಯುವ ದೊಡ್ಡಪ್ಪನಿಗಿಂತ ಆಗ ನನಗೆ ಅವನೇ ಹೆಚ್ಚು ಅಸಹ್ಯವಾಗಿ ಕಂಡ.

ವಸ್ತಾರೆಯಲ್ಲಿ ನಮ್ಮ ಸಮಾಜದವರು ಒಂದು ಭವನ ಕಟ್ಟಿಸಿದ್ದರು. ಉದ್ಘಾಟನೆಯ ದಿನ ಸ್ವಾಗತ ಭಾಷಣ ದೊಡ್ಡಪ್ಪನದು. ಅಲ್ಲಿಯವರೆಗೆ ಇನ್ನೊಬ್ಬರಿಗೆ ಮೈಕ್ ಕೊಟ್ಟವನು, ಅಂದು ತಾನೇ ವೇದಿಕೆಯಲ್ಲಿ ಕೂರುವವನು. ಕನ್ನಡಿಯ ಮುಂದೆ ನಿಂತು ಕೈಯಾಡಿಸುವುದನ್ನು ಅಭ್ಯಾಸ ಮಾಡಿದ್ದ. ಹೊಸ ಜುಬ್ಬ ಹೊಲಿಸಿದ್ದ, ಹೊಲಿದವಳು ಅಮ್ಮ. ಬೆಳಿಗ್ಗೆ ಸೆಟ್ಟಿನ ಜೊತೆ ಜೀಪಿನಲ್ಲಿ ಇಡೀ ಮನೆಯೇ ಹೊರಟಿತು. ಅಂಗಳದ ತುಂಬ ತೋಟದವರ ಜೀಪುಗಳು, ರೇಷ್ಮೆ ಸೀರೆಗಳು, ಅಡುಗೆಯ ಚಪ್ಪರದಿಂದ ಒಗ್ಗರಣೆಯ ಘಮ. ಅಪ್ಪ ಮರಕ್ಕೆ ಹಾರನ್ ಕಟ್ಟಿ, ವೈರೆಳೆದು, ಮೈಕ್ ಊದಿ ನೋಡಿದ. ಸ್ವಚ್ಛವಾಗಿ ಕೇಳಿತು. ಅಮ್ಮ ಹೆಂಗಸರ ಸಾಲಿನಲ್ಲಿ, ನಾನು ಅವಳ ಪಕ್ಕದಲ್ಲಿ ಕೂತಿದ್ದೆವು.

ದೊಡ್ಡಪ್ಪ ಎದ್ದ. ಭಾಷಣಕಾರರು ಮಾಡುವ ಹಾಗೆ ಮೈಕನ್ನು ಸ್ಟ್ಯಾಂಡಿನಿಂದ ಬಿಚ್ಚಿ ಕೈಯಲ್ಲಿ ಹಿಡಿದು ವೇದಿಕೆಯ ಮುಂದಕ್ಕೆ ಬಂದ. ಬಂದ ರಭಸಕ್ಕೆ ವೈರು ಜಗ್ಗಿತು. ‘ಪೂಜ್ಯರೇ, ಹಿರಿಯರೇ’ ಎಂದದ್ದಷ್ಟೇ ಹೊರಗೆ ಬಂತು. ಮುಂದಿನದು ತುಟಿಯಲ್ಲೇ ಉಳಿಯಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ದೊಡ್ಡಪ್ಪ ಮೈಕನ್ನು ಕುಟ್ಟಿದ, ಅಲ್ಲಾಡಿಸಿದ. ಕೆಳಗೆ ಅಪ್ಪ ಆಗಲೇ ವೈರಿನ ಗುಂಟ ಕೈಯಾಡಿಸುತ್ತ ಬರುತ್ತಿದ್ದ. ದೊಡ್ಡಪ್ಪ ಅವನ ಕಡೆ ತಿರುಗಿ, ಮೈಕ್ ಕೈಯಲ್ಲಿದೆಯೆನ್ನುವುದನ್ನೂ ಮರೆತು ಬೈಯತೊಡಗಿದ. ವೈರು ಅಲುಗಿದಂತೆ ಸದ್ದು ಬಂದು ಬಂದು ಹೋಗುತ್ತಿತ್ತು. ‘ಕಿವುಡ’ ಎನ್ನುವುದು ಮರದ ಮೇಲಿನಿಂದ ಕೇಳಿತು, ಮುಂದಿನದು ಕೇಳಲಿಲ್ಲ. ‘ಅನ್ನ ದಂಡ’ ಎನ್ನುವುದು ಕೇಳಿತು. ಆಮೇಲೆ ಒಂದು ಇಡೀ ಮಾತು ಒಂದಕ್ಷರವೂ ಒಡೆಯದ ಹಾಗೆ, ರಸ್ತೆಯಾಚೆಯ ಗದ್ದೆಗಳಿಗೂ ಕೇಳುವ ಹಾಗೆ ಬಂತು.

“ಆ ಗತಿಗೆಟ್ಟ ಮನೆ ಹೆಣ್ಣು ತಂದಾಗಿಂದ ನಿನ್ನ ಕೈಗೆ ಶನಿ ಹಿಡಿದಿದೆ! ಒಂದು ಗಂಡು ಹೆರೋ ಯೋಗ್ಯತೆ ಇಲ್ಲ ಅವ್ಳಿಗೆ!”

ಗಂಡಸರ ಸಾಲಿನ ತಲೆಗಳೆಲ್ಲ ನಮ್ಮ ಕಡೆ ತಿರುಗಿದವು. ಮನೆಯ ರಸ್ತೆಯಲ್ಲಿ ನಿತ್ಯ ಕೇಳಿದ ಮಾತೇ ಅದು. ಆದರೆ ಇಲ್ಲಿ ಅಮ್ಮನ ತವರಿನವರಿದ್ದರು, ಅವಳ ಬಳಿ ಬಟ್ಟೆ ಹೊಲಿಸಿದವರಿದ್ದರು. ಅಮ್ಮ ತಲೆ ತಗ್ಗಿಸಲಿಲ್ಲ. ನೇರವಾಗಿ ಅಪ್ಪನನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ವೇದಿಕೆಯ ಮೆಟ್ಟಿಲ ಹತ್ತಿರ ಅವನ ಹೆಬ್ಬೆರಳು ವೈರಿನ ಮೇಲೆ ನಿಂತಿತ್ತು. ಸಿಕ್ಕಿದೆ ಎಂದು ನನಗೆ ಅಲ್ಲಿಂದಲೇ ತಿಳಿಯಿತು. ಇನ್ನು ಉಗುರು ಹಾಕಿ ಎಳೆಯುವುದಷ್ಟೇ ಬಾಕಿ. ಅಪ್ಪ ತಲೆಯೆತ್ತಿ ಅಮ್ಮನನ್ನು ನೋಡಿದ. ಬಹಳ ಹೊತ್ತು ನೋಡಿದನೆಂದು ನನಗೆ ಅನಿಸುತ್ತದೆ, ಅಷ್ಟೇನೂ ಇರಲಿಕ್ಕಿಲ್ಲ. ಆಮೇಲೆ ವೈರನ್ನು ನೆಲಕ್ಕಿಟ್ಟ. ಹೆಗಲ ಟವೆಲಿನಿಂದ ಕೈಯೊರೆಸಿಕೊಂಡ. ಆಂಪ್ಲಿಫೈಯರಿನ ಖಾಲಿ ಪೆಟ್ಟಿಗೆಯ ಮೇಲೆ ಹೋಗಿ ಕೂತ.

“ಎಂತ ಆಗಿದೆಯೋ ಅದಕ್ಕೆ?” ದೊಡ್ಡಪ್ಪನ ದನಿ ಈಗ ಬರಿಯ ಗಂಟಲಿನದು.

“ಗೊತ್ತಾಗ್ತಿಲ್ಲ.”

“ಗೊತ್ತಾಗ್ತಿಲ್ಲ ಅಂದ್ರೆ?”

“ಗೊತ್ತಾಗ್ತಿಲ್ಲ ಅಣ್ಣಾ. ನೀವೇ ನೋಡಿ.”

ಜೀವಮಾನದಲ್ಲಿ ಒಂದು ವೈರನ್ನು ಹಲ್ಲಿಂದ ಸುಲಿದು ನೋಡದವನು ಏನು ನೋಡುತ್ತಾನೆ? ದೊಡ್ಡಪ್ಪ ಕೆಳಗಿಳಿದು ಬಂದು, ಆಂಪ್ಲಿಫೈಯರಿನ ಗುಂಡಿಗಳನ್ನೆಲ್ಲ ತಿರುವಿದ; ಹಾರನ್ನು ಊಳಿಟ್ಟು ಮತ್ತೆ ಸುಮ್ಮನಾಯಿತು. ಈಗ ಇಡೀ ಸಭೆ ನಗುತ್ತಿತ್ತು. ಅವನು ಅಪ್ಪನ ಕೆನ್ನೆಗೆ ಹೊಡೆದ. ಅಪ್ಪ ಪೆಟ್ಟಿಗೆಯಿಂದ ಏಳಲಿಲ್ಲ. ಎರಡನೇ ಸಲ ಕೈಯೆತ್ತಿದಾಗ ತೋಟದವರೊಬ್ಬರು ಅವನ ತೋಳು ಹಿಡಿದು ಕರೆದುಕೊಂಡು ಹೋದರು. ಸಭೆ ಮೈಕಿಲ್ಲದೆಯೇ ನಡೆಯಿತು. ದೊಡ್ಡಪ್ಪನ ಸ್ವಾಗತ ಯಾರಿಗೂ ಸಿಗಲಿಲ್ಲ.

ನಾವು ಬಸ್ಸು ಹಿಡಿದು ಮನೆ ಮುಟ್ಟುವ ಹೊತ್ತಿಗೆ ನಮ್ಮ ಟ್ರಂಕು, ಹಾಸಿಗೆಯ ಸುರುಳಿ, ಹೊಲಿಗೆ ಮೆಷಿನ್ನು ಜಗಲಿಗೆ ಬಂದಿದ್ದವು. ಯಾರದೋ ಜೀಪಿನಲ್ಲಿ ಮೊದಲೇ ಬಂದಿದ್ದ ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ದೊಡ್ಡಮ್ಮ ಅವನ ಹಿಂದಿನಿಂದ ನನ್ನ ಶಾಲೆಯ ಚೀಲವನ್ನು ಎಸೆದಳು. ಅಮ್ಮ ಅದನ್ನು ಎತ್ತಿಕೊಂಡು ಧೂಳು ಕೊಡವಿದಳು. ಅಪ್ಪ ಒಂದೇ ಒಂದು ಕೇಳಿದ, ತನ್ನ ಸೋಲ್ಡರಿಂಗ್ ಐರನ್ ಮತ್ತು ಮೀಟರ್. ಅವು ಕಿಟಕಿಯ ಕೆಳಗಿನ ಮೇಜಿನ ಮೇಲೆ ಕಾಣುತ್ತಿದ್ದವು.

“ಅದು ಅಂಗಡೀದು. ಮುಟ್ಟಿದ್ರೆ ಕೈ ಮುರಿತೀನಿ” ಎಂದು ದೊಡ್ಡಪ್ಪ ಕೈ ಅಡ್ಡ ಹಿಡಿದ.

ನಾನು ಆ ಕೈಯನ್ನು ಕಚ್ಚಿದೆ. ಹಲ್ಲು ನೆಡುವ ಹಾಗೆ ಕಚ್ಚಿದೆ. ಅವನು ಕೂಗಿಕೊಂಡು ನನ್ನ ಜಡೆ ಹಿಡಿದೆಳೆದ, ನಾನು ಬಿಡಲಿಲ್ಲ, ಅಮ್ಮ ಬಿಡಿಸಿದಳು. ಐರನ್ ಮತ್ತು ಮೀಟರ್ ಸಿಗಲಿಲ್ಲ. ಎದುರಿನ ಜವಳಿ ಅಂಗಡಿಯವರು ಈ ಸಲ ನಗಲಿಲ್ಲ, ಬಾಗಿಲಿಗೆ ಬಂದು ನಿಂತು ನೋಡಿದರು ಅಷ್ಟೆ. ಅವರನ್ನೂ ನಾನು ಮರೆತಿಲ್ಲ.

ಅಮ್ಮನ ಹತ್ತಿರ ಬ್ಲೌಸ್ ಹೊಲಿಸುತ್ತಿದ್ದ ಶಾಲಾ ಟೀಚರೊಬ್ಬರು ತಮ್ಮ ಮನೆಯ ಹಿಂದಿನ ಎರಡು ಕೋಣೆ ಕೊಟ್ಟರು. ಅಪ್ಪ ಅಲ್ಲಿಯೇ ಮೆಟ್ಟಿಲ ಕೆಳಗೆ ರಿಪೇರಿಗೆ ಕೂತ. ನಿಧಾನಕ್ಕೆ ಗಿರಾಕಿಗಳು ಅವನನ್ನು ಹುಡುಕಿಕೊಂಡು ಬಂದರು. ದೊಡ್ಡಪ್ಪ ಯಾರು ಯಾರನ್ನೋ ಕೆಲಸಕ್ಕಿಟ್ಟುಕೊಂಡು ಕೆಲವು ಕಾಲ ಅಂಗಡಿ ನಡೆಸಿದ. ಅವನ ಸೆಟ್ಟುಗಳ ಗುಂಯ್‌ಗುಡುವಿಕೆ ಊರಿಗೆಲ್ಲ ಕೇಳುತ್ತಿತ್ತು, ಯಾರಿಗೂ ನಿಲ್ಲಿಸಲು ಬರಲಿಲ್ಲ. ಕಡೆಗೆ ಹಾರನ್ನುಗಳು ಗುಜರಿಗೆ ಹೋದವು. ಮುದಿಯಾಗಿ ಹಾಸಿಗೆ ಹಿಡಿದಾಗ ನಮ್ಮೆಲ್ಲರನ್ನೂ ನೋಡಬೇಕೆಂದು ಹೇಳಿಕಳಿಸಿದ. ಅಪ್ಪ ಹೋದ, ಅಮ್ಮ ಹೋಗಲಿಲ್ಲ, ನಾನೂ ಹೋಗಲಿಲ್ಲ. ಸತ್ತ ದಿನ ಅಪ್ಪ ಅತ್ತದ್ದನ್ನು ನೋಡಿ ನನಗೆ ಮತ್ತೆ ಸಿಟ್ಟು ಬಂತು. ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದೆಂದು ಸಂಬಂಧಿಕರು ನನಗೆ ಬುದ್ಧಿ ಹೇಳಿದರು. ಬದುಕಿದ್ದಾಗ ಅವನಿಗೆ ಒಬ್ಬರಾದರೂ ಬುದ್ಧಿ ಹೇಳಿದ್ದರೇ ಎಂದು ಕೇಳಿದೆ.

ಅದೆಲ್ಲ ಎಷ್ಟೋ ಕಾಲದ ನಂತರದ ಮಾತು. ಆ ಎರಡು ಕೋಣೆಯ ಮನೆಯ ಮೊದಲ ಬೆಳಿಗ್ಗೆ ಹೀಗಿತ್ತು. ಟೀಚರು ಕೊಟ್ಟ ಸೀಮೆಎಣ್ಣೆ ಸ್ಟವ್ವಿನ ಮುಂದೆ ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಅಪ್ಪ ಬಿಚ್ಚದ ಹಾಸಿಗೆಯ ಸುರುಳಿಯ ಮೇಲೆ ಕೂತಿದ್ದ. ಕೆನ್ನೆಯ ಮೇಲೆ ಬೆರಳ ಗುರುತು ಇನ್ನೂ ಇತ್ತು. ಮಾಡಲು ಕೆಲಸವಿಲ್ಲದೆ ಅವನ ಕೈಗಳು ಮೊಣಕಾಲ ಮೇಲೆ ಸುಮ್ಮನೆ ಬಿದ್ದಿದ್ದವು. ನಾನು ಗೋಡೆಗೊರಗಿ ತಟ್ಟೆ ಹಿಡಿದು ಕೂತಿದ್ದೆ. ಇಬ್ಬರೂ ಹಿಂದಿನ ದಿನದಿಂದ ಒಬ್ಬರಿಗೊಬ್ಬರು ಮಾತಾಡಿರಲಿಲ್ಲ. ಮೊದಲು ಬಾಯಿ ತೆರೆದವನು ಅಪ್ಪ.

“ಪಿನ್ನು ಚುಚ್ಚೋ ಬದ್ಲು ನಂಗೊಂದು ಮಾತು ಹೇಳ್ಬೋದಿತ್ತು.”

“ಹೇಳಿದ್ದೆ.”

“ಯಾವಾಗ?”

ಅಮ್ಮ ರೊಟ್ಟಿಯನ್ನು ತಟ್ಟೆಗೆ ಹಾಕಿ ಅವನ ಮುಂದೆ ತಳ್ಳಿದಳು. ಅವನ ಮುಖವನ್ನು ನೋಡಿದಳು.

“ದಿನಾ.”

ಅಪ್ಪ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ತಲೆ ತಗ್ಗಿಸಿ ತಿನ್ನತೊಡಗಿದ.